ಮೂಗಿಲ್ಲದ ರಾಜ

ಸೇನೆಯಲ್ಲಿ ಹದಿನೆಂಟು ವರ್ಷ ಕದ್ದೂ ಸಿಕ್ಕಿಬೀಳದವನಿಗೆ ರಾಜರು ಬೆಳ್ಳಿಯ ಪದಕ ಕೊಡುತ್ತಾರೆ ಎಂಬುದು ಇಂಗ್ಲೆಂಡಿನ ಆಲ್ಡರ್‌ಶಾಟ್ ಬ್ಯಾರಕ್ಕುಗಳ ಹಳೆಯ ತಮಾಷೆ. ಅದರ ನಿಜವಾದ ಹೆಸರು ದೀರ್ಘ ಸೇವೆ ಮತ್ತು ಸನ್ನಡತೆಯ ಪದಕ. ಅದನ್ನು ಪಡೆದ ವಿಲ್ಫ್ ಟಗ್‌ವೆಲ್ ಆ ತಮಾಷೆಯನ್ನು ತಾನೇ ಎಲ್ಲರಿಗಿಂತ ಮೊದಲು ಹೇಳಿಬಿಡುತ್ತಿದ್ದ.

"ಹಿಂದೆ ಕಾಲಾಳಿಗೆ ಇಪ್ಪತ್ತೊಂದು ವರ್ಷ ಬೇಕಿತ್ತಂತೆ. ಕುದುರೆಪಡೆಯವ್ರಿಗೆ ಇಪ್ಪತ್ನಾಲ್ಕು. ಕುದುರೆ ನಡತೆನೂ ನೋಡ್ಬೇಕಲ್ಲ! ಆ ಕಾಲದಲ್ಲಿ ಹುಟ್ಟಿದ್ರೆ ನಾನೆಲ್ಲಿ ಬಚಾವಾಗ್ತಿದ್ದೆ?"

ನಿಜ ಹೇಳಬೇಕೆಂದರೆ, ತಪ್ಪು ಮಾಡಲು ಅವನಿಗೆ ಪುರಸೊತ್ತೇ ಇರಲಿಲ್ಲ. ಅವನು ಫೆನ್‌ವಿಕ್ ಎಂಬ ಸೇನಾಧಿಕಾರಿಯ ಆಳು. ಅವರ ಬೂಟು, ಬೆಲ್ಟು, ಗುಂಡಿ, ಪದಕ ಉಜ್ಜುವುದೇ ಅವನ ದೇಶಸೇವೆ. ತನಗೂ ಪದಕ ಬಂದಾಗ ಅದನ್ನೂ ಉಜ್ಜತೊಡಗಿದ. ನಿವೃತ್ತನಾದ ಮೇಲೂ ಭಾನುವಾರದ ಮಾಂಸ ಬೇಯುವವರೆಗೆ ಅಡುಗೆಮನೆಯಲ್ಲಿ ಕೂತು ಉಜ್ಜುತ್ತಿದ್ದ. ಪದಕದ ಮೇಲಿನ ರಾಜನ ಮುಖ ಸವೆಯುತ್ತಾ ಬಂತು.

"ರಾಜನ ಮೂಗು ಹೋಯ್ತು. ಕಿವಿ ಒಂದು ಬಾಕಿ," ಎನ್ನುತ್ತಿದ್ದಳು ಹೆಂಡತಿ ಹಿಲ್ಡಾ.

ಆಮೇಲೊಮ್ಮೆ ರೆಜಿಮೆಂಟು ಪುಟ್ಟ ವಸ್ತುಸಂಗ್ರಹಾಲಯ ತೆರೆದು, ಹಳಬರ ಪದಕಗಳನ್ನು ಕೇಳಿತು. ವಿಲ್ಫ್‌ಗೆ ಮಕ್ಕಳಿಲ್ಲ. ತಾನೊಬ್ಬ ಇದ್ದೆ ಎಂಬುದಕ್ಕೆ ಆ ಗಾಜಿನ ಪೆಟ್ಟಿಗೆಯಲ್ಲಿ ಒಂದು ಗುರುತು ಉಳಿಯಲಿ ಎಂದು ಅವನಿಗೆ ತುಂಬಾ ಆಸೆಯಾಯಿತು. ಹಿಲ್ಡಾ ಬೀದಿಗೆಲ್ಲ ಸುದ್ದಿ ಹಬ್ಬಿಸಿ, ಹೊಸ ಟೋಪಿ ತೊಟ್ಟು ಜೊತೆಗೆ ಹೊರಟಳು.

ಅಲ್ಲಿನ ಉಸ್ತುವಾರಿ ಅದೇ ಫೆನ್‌ವಿಕ್ ಸಾಹೇಬರದು. ಈಗ ಅವರು ನಿವೃತ್ತ ಮೇಜರ್. ಸೈನಿಕನ ಹೆಸರು ಕೆತ್ತಿರಬೇಕಾದ ಪದಕದ ಅಂಚನ್ನು ಅವರು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿದರು. ಅಂಚು ನುಣ್ಣಗಿತ್ತು.

"ಹೆಸರೇ ಇಲ್ವಲ್ಲೋ ಟಗ್‌ವೆಲ್!"

"ಹದಿನೆಂಟು ವರ್ಷ ಯಾರಿಗೂ ಸಿಕ್ಕಿಬೀಳ್ಲಿಲ್ಲ ಸಾರ್. ಈಗ ಪದಕಕ್ಕೂ ಸಿಗ್ತಿಲ್ಲ," ಎಂದ ವಿಲ್ಫ್. ಆದರೆ ಅವನಿಗೇ ನಗು ಬರಲಿಲ್ಲ.

"ನೀನ್ಯಾರು ಅಂತ ನಂಗೊತ್ತಪ್ಪಾ. ಆದ್ರೆ ಹೆಸರು ಓದೋಕೆ ಆಗ್ದಿದ್ರೆ ತಗೋಬಾರ್ದು ಅಂತ ನಿಯಮ ಇದೆ. ಬರೆದವನೇ ನಾನು."

ವಿಲ್ಫ್ ಪದಕವನ್ನು ಜೇಬಿಗಿಳಿಸಿದ. ಉಜ್ಜಿ ಉಜ್ಜಿ ತನ್ನನ್ನು ತಾನೇ ಅಳಿಸಿಕೊಂಡ ಪೆದ್ದ ಇಡೀ ಇಂಗ್ಲೆಂಡಿನಲ್ಲಿ ತಾನೊಬ್ಬನೇ ಎನಿಸಿತು. ಅವನು ಬಾಗಿಲ ಕಡೆ ತಿರುಗಿದ. ಹಿಲ್ಡಾ ಕದಲಲಿಲ್ಲ.

"ಪೆಟ್ಟಿಗೇಲಿ ಇದ್ಯಲ್ಲ ಸಾರ್ ನಿಮ್ಮ ಬೆಳ್ಳಿ ಪದಕ, ಅದನ್ನೂ ಒಂದ್ಸಲ ನೋಡ್ಬಿಡಿ. ಅದನ್ನ ಉಜ್ಜಿದ್ದೂ ನನ್ನ ಗಂಡನ ಕೈಯೇ."

ಮೇಜರ್ ಬೀಗ ತೆಗೆದು, ತಮ್ಮ ಪದಕವನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಅದರ ರಾಜನಿಗೂ ಮೂಗಿರಲಿಲ್ಲ. ಅಂಚಿನಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಅವರ ಮುಖ ಕೆಂಪೇರಿತು.

"ಅಯ್ಯೋ ಪಾಪಿ, ನನ್ನನ್ನೂ ಅಳಿಸಿಬಿಟ್ಟಿದೀಯಲ್ಲೋ!"

"ಸನ್ನಡತೆ ಸಾರ್," ಎಂದ ವಿಲ್ಫ್ ತಗ್ಗಿದ ದನಿಯಲ್ಲಿ.

ಮೇಜರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಕೊಡು ಇಲ್ಲಿ," ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ಬೀಗ ಹಾಕಿದರು. ರಿಬ್ಬನ್ನಿನ ಬಣ್ಣವೊಂದಿಲ್ಲದಿದ್ದರೆ ಯಾವುದು ಸಾಹೇಬರದು, ಯಾವುದು ಆಳಿನದು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ವಿಲ್ಫ್ ಮುಖ ಮರೆಸಲು ಪೆಟ್ಟಿಗೆಯ ಮೇಲೆ ಬಗ್ಗಿದ. ಗಾಜಿನ ಮೇಲೆ ಸಾಹೇಬರ ಹೆಬ್ಬೆರಳಿನ ಗುರುತು ಕಂಡಿತು. ಅದನ್ನು ಒರೆಸಲು ಕೋಟಿನ ತೋಳು ತಾನಾಗಿಯೇ ಮೇಲೆದ್ದಿತು.

"ಮುಟ್ಟಿದ್ರೆ ನೋಡು," ಎಂದು ಹಿಲ್ಡಾ ಅವನ ಕೈ ಹಿಡಿದುಕೊಂಡಳು.