ಊರಿಂದ ತಂದ ವೋಟು

ಮೂವತ್ತೆರಡು ವರ್ಷ ಮುಂಬಯಿಯಲ್ಲಿ ಬದುಕಿದರೂ ನನ್ನ ವೋಟು ಉಡುಪಿ ಕಡೆಯ ನಮ್ಮೂರ ಶಾಲೆಯಲ್ಲೇ ಇತ್ತು. ಹೋಟೆಲು ಫೋರ್ಟಿನಲ್ಲಿ, ಮನೆ ಉಪನಗರದಲ್ಲಿ, ವೋಟು ಮಾತ್ರ ಊರಲ್ಲಿ. ನಮ್ಮ ಕಡೆಯ ಹೋಟೆಲಿನವರಲ್ಲಿ ಇದೇನೂ ವಿಶೇಷವಲ್ಲ. ಲೋಕಸಭೆ ಚುನಾವಣೆ ಬಂತೆಂದರೆ ಬಸ್ಸು ಹತ್ತುತ್ತಿದ್ದೆವು, ಅಣ್ಣ ಹೇಳಿದವರಿಗೆ ಒತ್ತುತ್ತಿದ್ದೆವು, ಮೀನೂಟ ಉಂಡು ಮರಳುತ್ತಿದ್ದೆವು. ಬೀನ್ಸ್ ಕೊಳ್ಳುವಾಗಲೂ ಒಂದೆರಡನ್ನು ಮುರಿದು ನೋಡುವ ನಾನು, ನಮ್ಮ ಎಂ.ಪಿ.ಯ ಮುಖ ನೋಡಿದ್ದು ಪೋಸ್ಟರಿನಲ್ಲಿ ಮಾತ್ರ. ಹೆಂಡತಿಯ ವೋಟನ್ನೂ ಅಲ್ಲೇ ಇಟ್ಟಿದ್ದೆ. ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಆಮೇಲೆ ನಮ್ಮ ರೈಲ್ವೆ ಸ್ಟೇಷನ್ನಿನ ಲಿಫ್ಟು ಕೆಟ್ಟು ನಿಂತಿತು.

ಅವಳ ತಂಗಿ ಸಾಂತಾಕ್ರೂಜಿನಲ್ಲಿದ್ದಾಳೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವಳು. ಪ್ರತಿ ಮಂಗಳವಾರ ಇವಳು ಮಧ್ಯಾಹ್ನದ ಖಾಲಿ ಲೋಕಲ್ಲಿನಲ್ಲಿ ಹೋಗಿ, ತಂಗಿಯ ತಲೆ ಬಾಚಿ, ಗಂಜಿ ಉಣ್ಣಿಸಿ ಬರುತ್ತಿದ್ದಳು. ಇವಳ ಮೊಣಕಾಲು ಸವೆದಿದೆ. ಲಿಫ್ಟಿಲ್ಲದೆ ಪ್ಲಾಟ್‌ಫಾರ್ಮಿಗೆ ಇಳಿಯುವುದು ಸಾಧ್ಯವಿಲ್ಲ. ಒಮ್ಮೆ ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಟ್ರಾಫಿಕ್ಕಿನ ಕುಲುಕಾಟಕ್ಕೆ ಕಾಲು ಊದಿ ಮೂರು ದಿನ ಏಳಲಿಲ್ಲ. ಅಲ್ಲಿಗೆ ಮಂಗಳವಾರದ ಭೇಟಿ ನಿಂತಿತು.

ರೈಲು ಕೇಂದ್ರದ್ದು, ಅದನ್ನು ಕೇಳಬೇಕಾದವರು ಎಂ.ಪಿ. ಎಂದು ಯಾರೋ ಹೇಳಿದರು. ಅರ್ಜಿ ಬರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವರ ಕಚೇರಿಗೆ ಹೋದೆ. ಅಲ್ಲಿದ್ದ ಸಹಾಯಕ ಅರ್ಜಿ ಓದುವ ಮೊದಲೇ ಕೇಳಿದ.

"ಶೇಟ್, ಆಪ್‌ಕಾ ವೋಟ್ ಕಿಧರ್ ಹೈ?"

ಊರಲ್ಲಿ ಎಂದೆ.

"ತೋ ಉಧರ್ ಕೇ ಎಂ.ಪಿ. ಕೋ ಬೋಲೋ ನಾ."

ಹಾಗಾದರೆ ಊರಿನ ಎಂ.ಪಿ.ಗೇ ಹೇಳಿ ಎಂದ. ಗಲಾಟೆ ಮಾಡಲಿಲ್ಲ, ನಗಲೂ ಇಲ್ಲ. ನಾನು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ. ನಡೆದದ್ದನ್ನು ಕೇಳಿ ಹೆಂಡತಿ, "ನನ್ನ ವೋಟು ಎಲ್ಲಿರ್ಬೇಕು ಅಂತ ಒಂದು ಸಲ ಆದ್ರೂ ಕೇಳಿದ್ದುಂಟಾ ನೀವು?" ಎಂದಳು. ಮರುವಾರವೇ ಇಬ್ಬರ ಹೆಸರನ್ನೂ ಇಲ್ಲಿಗೆ ವರ್ಗಾಯಿಸಲು ಫಾರ್ಮು ತುಂಬಿದೆ. ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ಊರಲ್ಲಿ ನಿಂದು ಅಂತ ಉಳ್ದದ್ದು ಆ ಹೆಸರೊಂದು. ಅದನ್ನೂ ತೆಗ್ದಿಯಾ?" ಎಂದ. ಆ ಮಾತು ನನಗೆ ಚೆನ್ನಾಗಿಯೇ ನಾಟಿತು.

ಚುನಾವಣೆ ಬಂತು. ಹಳೆಯ ಎಂ.ಪಿ. ಈ ಸಲ ನಿಂತಿರಲಿಲ್ಲ. ನಿಂತವರಲ್ಲಿ ಒಬ್ಬರು ನಮ್ಮ ಕರಾವಳಿಯವರೇ. ನಮ್ಮವರ ಸಂಘ ಪೂರ್ತಿ ಅವರ ಹಿಂದೆ ಇತ್ತು. ಅವರು ನಮ್ಮ ಬಿಲ್ಡಿಂಗಿನ ಅಂಗಳಕ್ಕೆ ಬಂದಾಗ ಹೆಂಡತಿ ಲಿಫ್ಟಿನ ವಿಷಯ ಕೇಳಿದಳು. "ಅಕ್ಕ, ನಮ್ಮವರಿಗೆ ಮಾಡದೆ ಇನ್ಯಾರಿಗೆ ಮಾಡುದು? ಗೆದ್ದ ಒಂದು ತಿಂಗಳಲ್ಲಿ ಲಿಫ್ಟು ಓಡ್ತದೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಎರಡು ದಿನ ಬಿಟ್ಟು ಇನ್ನೊಬ್ಬ ಅಭ್ಯರ್ಥಿ ಬಂದರು. ನಿವೃತ್ತ ಶಿಕ್ಷಕಿ, ಮರಾಠಿಯವರು, ಹಿಂದೆ ನಾಲ್ಕೇ ಜನ. ಹೆಂಡತಿ ತನ್ನ ಹರಕು ಮರಾಠಿಯಲ್ಲಿ ಅದೇ ಪ್ರಶ್ನೆ ಕೇಳಿದಳು. ಅವರು, "ಮಾಹೀತ್ ನಾಹೀ. ವಿಚಾರೂನ್ ಸಾಂಗ್ತೇ" ಎಂದರು. ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದಷ್ಟೇ. ಗೊತ್ತಿಲ್ಲ ಎನ್ನಲು ಪ್ರಚಾರಕ್ಕೆ ಯಾಕೆ ಬರಬೇಕು ಎಂದು ನಾನು ಒಳಗೊಳಗೇ ನಕ್ಕೆ.

ಮೂರನೆಯ ದಿನ ಅವರೇ ಹೆಂಡತಿಗೆ ಫೋನು ಮಾಡಿದರು. ಲಿಫ್ಟಿನ ಯಂತ್ರವನ್ನೇ ಬದಲಿಸಬೇಕಂತೆ, ಹೊಸ ಟೆಂಡರು ಆಗಬೇಕಂತೆ, ತಾನು ಗೆದ್ದು ಬೆನ್ನು ಬಿದ್ದರೂ ಒಂದು ವರ್ಷ ಬೇಕಂತೆ. ಕೇಳಿ ನನಗೆ ಬೇಸರವಾಯಿತು. ಹೆಂಡತಿಗೆ ಆಗಲಿಲ್ಲ. "ನೀವು ಅಡಿಗೆ ಭಟ್ರನ್ನು ಹೇಗೆ ಆರಿಸ್ತೀರಿ ಮಾರಾಯ್ರೆ?" ಎಂದಳು.

ಅದು ನನಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ದೋಸೆ ಹಿಟ್ಟು ಹುಳಿ ಬಂದ ಬೆಳಿಗ್ಗೆ, ಸೋಡಾ ಹಾಕಿ ಮುಚ್ಚಿಡುವ ಭಟ್ಟರೂ ಇದ್ದಾರೆ. ಬಾಗಿಲು ತೆರೆಯುವ ಮೊದಲೇ ಬಂದು, ಇವತ್ತು ಹಿಟ್ಟು ಕೆಟ್ಟಿದೆ ಎನ್ನುವವರೂ ಇದ್ದಾರೆ. ಎರಡನೆಯವರನ್ನು ನಾನು ಕೈಬಿಟ್ಟಿದ್ದಿಲ್ಲ. ಲಿಫ್ಟಿನ ನಿಜ ಹೇಳಿದವರು ಆ ಶಿಕ್ಷಕಿ ಒಬ್ಬರೇ. ಅವರಿಗೇ ಹಾಕೋಣ ಎಂದು ಇಬ್ಬರೂ ಮಾತಾಡಿಕೊಂಡೆವು. ಮದುವೆಯಾಗಿ ಇಷ್ಟು ವರ್ಷಕ್ಕೆ ವೋಟಿನ ಬಗ್ಗೆ ನಾವು ಮಾತಾಡಿದ್ದು ಅದೇ ಮೊದಲು, ಮತ್ತು ಅದರಲ್ಲಿ ನನಗೆ ನಿಜವಾಗಿ ಖುಷಿಯಿತ್ತು.

ಮತದಾನದ ದಿನ ಬೂತು ನೆಲಮಹಡಿಯಲ್ಲಿತ್ತು. ಹೆಂಡತಿ ನನ್ನ ತೋಳು ಹಿಡಿದು ನಿಧಾನ ನಡೆದು ಬಂದಳು. ಅವಳದು ಮೊದಲಾಯಿತು. ಆಮೇಲೆ ನಾನು ರಟ್ಟಿನ ಮರೆಯೊಳಗೆ ಹೋದೆ. ಮಷೀನಿನ ಮೇಲೆ ಹೆಸರುಗಳನ್ನು ಓದುತ್ತ ಬಂದೆ. ನಮ್ಮೂರ ಕಡೆಯ ಆ ಅಡ್ಡಹೆಸರು ಕಂಡಿತು. ಇಲ್ಲಿಯ ಅಷ್ಟು ಹೆಸರುಗಳ ನಡುವೆ ಅದೊಂದೇ ನನಗೆ ಬೇಕಾದವರದೆಂಬಂತೆ ಇತ್ತು. ಅಣ್ಣನ ಮಾತು ನೆನಪಾಯಿತು. ಶಿಕ್ಷಕಿಯ ಹೆಸರು ಎರಡು ಸಾಲು ಕೆಳಗಿತ್ತು, ಅದನ್ನೂ ಓದಿದೆ. ಆಮೇಲೆ ನಮ್ಮವರಿಗೆ ಒತ್ತಿದೆ. ಕೈ ತಪ್ಪಿತು ಎಂದು ಹೇಳಿಕೊಳ್ಳಲು ಬರುವುದಿಲ್ಲ, ತಿಳಿದೇ ಒತ್ತಿದ್ದು.

ಹೊರಗೆ ಬಂದಾಗ ಅವಳು ಬೆರಳಿನ ಶಾಯಿ ಆರಿಸಿಕೊಳ್ಳುತ್ತಿದ್ದಳು. "ಆಯ್ತಾ?" ಎಂದಳು. "ಆಯ್ತು" ಎಂದೆ.

ನಮ್ಮವರು ಗೆದ್ದರು. ಈಗ ಆರು ತಿಂಗಳಾಯಿತು. ಕೆಟ್ಟ ಲಿಫ್ಟಿನ ಬಾಗಿಲಿಗೆ ಅಡ್ಡ ಕಟ್ಟಿದ ಹಗ್ಗ ಹಾಗೆಯೇ ಇದೆ. ಎರಡು ಸಲ ಅವರ ಕಚೇರಿಗೆ ಹೋಗಿ ಬಂದೆ. ಚಹಾ ಕೊಟ್ಟರು, ಊರಿನ ಸುದ್ದಿ ಮಾತಾಡಿದರು.

ಮಂಗಳವಾರ ಮಧ್ಯಾಹ್ನ ಹೆಂಡತಿ ತಂಗಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಅವಳ ಮಾತು ತೊದಲುತ್ತದೆ, ಇವಳೇ ಹೆಚ್ಚು ಮಾತಾಡುವುದು. ಹೋದ ವಾರ ನಾನು ಪಕ್ಕದಲ್ಲೇ ಕುಳಿತು ಪೇಪರು ಓದುತ್ತಿದ್ದೆ. ಅಕ್ಕ ಯಾವಾಗ ಬರುವುದೆಂದು ತಂಗಿ ಕೇಳಿರಬೇಕು.

"ಎಂತ ಮಾಡುದು, ಆ ಟೀಚರು ಗೆಲ್ಲಲಿಲ್ಲ ಅಲ್ವಾ" ಎಂದಳು ಇವಳು. "ನಾವಂತೂ ಹಾಕಿದ್ದೇವೆ. ಭಾವನೂ ಅವರಿಗೇ ಹಾಕಿದ್ದು, ನಿನಗೋಸ್ಕರ."