ಅಣ್ಣ ಬೆಸೆದ ಆಕ್ಸಲ್

ಅವನಂಥ ಹಟಮಾರಿ ಇನ್ನೊಬ್ಬನಿಲ್ಲ. ಐವತ್ತೆರಡು ವರ್ಷದಲ್ಲಿ ಒಮ್ಮೆಯೂ ಇನ್ನೊಬ್ಬರ ಮಾತನ್ನು ಸರಿ ಎಂದು ಒಪ್ಪಿದವನಲ್ಲ. ಅಡುಗೆಮನೆಗೆ ತಾನೇ ಹೊಡೆದ ಶೆಲ್ಫಿನಿಂದ ಡಬ್ಬಿಗಳು ಒಂದೊಂದಾಗಿ ಜಾರಿ ಬಿದ್ದಾಗ, ಶೆಲ್ಫ್ ನೆಟ್ಟಗಿದೆ, ಮನೆಯೇ ವಾಲಿದೆ ಎಂದು ವಾದಿಸಿದ್ದ.

"ನಮ್ಮ ಯಜಮಾನ್ರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೇದು ತೋರಿಸಿದ್ರೆ ಅದು ಬಾಲ ಅಂತಾರೆ," ಎಂದು ಹೆಂಡತಿ ಡಬ್ಬಿಗಳನ್ನು ನೆಲದ ಮೇಲೇ ಸಾಲಾಗಿಟ್ಟಳು.

ಕೆಲಸ ಕಲಿಸಿದ ಯಜಮಾನನ ಜೊತೆಗೂ ಜಗಳವಾಡಿಯೇ ಹೊರಬಿದ್ದು ಸ್ವಂತ ಶೆಡ್ಡು ಹಾಕಿದವನು. ಆದರೆ ಕಲ್ಲು, ಹಳ್ಳ, ದಿಬ್ಬಗಳ ಮೇಲೆ ಓಡುವ ರೇಸ್ ಟ್ರಕ್ಕುಗಳ ಹಿಂದಿನ ಆಕ್ಸಲ್ ಹೌಸಿಂಗ್ ಗಟ್ಟಿ ಮಾಡುವುದರಲ್ಲಿ ಅವನದು ಎತ್ತಿದ ಕೈ. ಹಿಂದಿನ ಎರಡು ಚಕ್ರಗಳ ನಡುವೆ ಭಾರ ಹೊರುವ ಉಕ್ಕಿನ ಕೊಳವೆ ಅದು. ಟ್ರಕ್ಕು ದಿಬ್ಬದಿಂದ ಹಾರಿ ನೆಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಅದರ ಬೆನ್ನಿಗೆ ದಪ್ಪ ಪಟ್ಟಿ ಕೂರಿಸಿ ಬೆಸೆಯುತ್ತಾನೆ. ಎರಡು ಬೆರಳಗಲ ಇಲ್ಲಿ, ಎರಡು ಬೆರಳಗಲ ಅಲ್ಲಿ. ನಡುವೆ ಕಬ್ಬಿಣ ಆರುವ ತನಕ ಕೈಕಟ್ಟಿ ಕೂರುತ್ತಾನೆ.

ಟ್ರಕ್ಕು ಓಡಿಸುವವಳು ಅವನ ತಂಗಿ. ಕಳೆದ ರೇಸಿನಲ್ಲಿ ಹೌಸಿಂಗ್ ಮುರಿದು ಅರ್ಧದಾರಿಯಲ್ಲೇ ನಿಂತಿದ್ದಳು. ಈ ಸಲವೂ ಗುರಿ ಮುಟ್ಟದಿದ್ದರೆ ಸ್ಟಿಯರಿಂಗ್ ಬೇರೆಯವರಿಗೆ ಎಂದು ತಂಡದ ಯಜಮಾನ ಹೇಳಿಯಾಗಿತ್ತು. ಮರುದಿನವೇ ರೇಸು. ಹೊಸ ಹೌಸಿಂಗ್ ಅಣ್ಣನ ಕೈಯಲ್ಲಿತ್ತು.

ಅಂದು ಬೆಳಿಗ್ಗೆ ಪಕ್ಕದ ಶೆಡ್ಡಿನಲ್ಲಿ ಲೇತ್ ನಡೆಸುವ ಟರ್ನರ್ ಬಂದು, "ಏನಪ್ಪಾ, ಕೋಳಿ ಕೆದರಿದ ಹಾಗೆ ಬೆಸೀತೀಯಲ್ಲ, ಕೈ ನಡುಗುತ್ತಾ?" ಎಂದು ಕೆಣಕಿದ. ಅಷ್ಟು ಸಾಕಾಯಿತು. ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಎಳೆದುಬಿಟ್ಟ. ಮೀನಿನ ಹುರುಪೆ ಜೋಡಿಸಿದಂಥ ಬೆಸುಗೆ; ನೋಡಲು ಎರಡು ಕಣ್ಣು ಸಾಲದು. ಟರ್ನರ್ ಬಾಯಿ ಮುಚ್ಚಿಕೊಂಡು ಹೋದ.

ಮಧ್ಯಾಹ್ನ ತಂಗಿ ಬಂದು, ನೆಟ್ಟಗಿದೆಯೇ ಎಂದು ನೋಡಲು ಕೊಳವೆಯೊಳಗೆ ಅಳತೆಯ ಸರಳು ತೂರಿಸಿದಳು. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹಾಯಬೇಕಿದ್ದ ಸರಳು ಮುಕ್ಕಾಲಿಗೆ ಕಚ್ಚಿಕೊಂಡಿತು.

"ಅಣ್ಣ, ಹೌಸಿಂಗ್ ಬಾಗಿದೆ."

"ಸರಳು ಬಾಗಿದೆ."

ಅವಳು ಸರಳನ್ನು ಕಲ್ಲಿನ ಮೇಜಿನ ಮೇಲೆ ಉರುಳಿಸಿದಳು. ಎಲ್ಲೂ ಕುಂಟಲಿಲ್ಲ.

"ಈಗ ಮೇಜು ಬಾಗಿದೆ ಅನ್ನು."

ಆರುತ್ತ ಬಂದ ಉದ್ದದ ಬೆಸುಗೆ ಬೆನ್ನನ್ನು ಸೆಳೆದು ಕೊಳವೆಯ ತುದಿಯನ್ನು ಮೇಲೆತ್ತಿತ್ತು. ಹಾಗೇ ಓಡಿಸಿದರೆ ಒಳಗೆ ತಿರುಗುವ ಆಕ್ಸಲ್ ಮುರಿಯುವುದು ಖಂಡಿತ. ಹೊಟ್ಟೆಯ ಕಡೆ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಅದು ತನ್ನತ್ತ ಎಳೆದುಕೊಂಡು ಕೊಳವೆ ನೆಟ್ಟಗಾಗುತ್ತದೆ. ಅವನು ಗ್ಯಾಸ್ ಹಚ್ಚಿ ನಟ್ಟನಡುವೆ ಕಾಯಿಸಿದ. ಆರಿದ ಮೇಲೂ ಸರಳು ಅಲ್ಲೇ ಕಚ್ಚಿತು.

"ನಡು ತಿಕ್ಕಿದ್ರೆ ಕಾಲುನೋವು ಹೋಗುತ್ತಾ? ಕಚ್ಚಿದ್ದು ಎಡಗಡೆ. ಸ್ಪ್ರಿಂಗ್ ಕೂರೋ ಜಾಗದಿಂದ ನಾಲ್ಕು ಬೆರಳು ಒಳಗೆ ಕಾಯಿಸು."

"ನೀನು ಗಾಡಿ ಓಡಿಸು. ಕಬ್ಬಿಣ ನನಗೆ ಬಿಡು."

"ಎಲ್ಲಾ ನಿನ್ನ ಮೂಗಿನ ನೇರಕ್ಕೇ ಇರ್ಬೇಕು! ನಾಳೆ ಕೂತು ಬಡಿಸ್ಕೊಳ್ಳೋಳು ನಾನು ಕಣೋ!"

ಅವಳು ಕೈಯೊರೆಸುವ ಬಟ್ಟೆಯನ್ನು ಬಿಸಾಕಿ ಎದುರಿನ ಟೀ ಅಂಗಡಿಗೆ ಹೋದಳು. ಟ್ರಕ್ಕು ಬರುವುದಿಲ್ಲ ಎಂದು ತಂಡದ ಯಜಮಾನನಿಗೆ ತಿಳಿಸಲು ಮೂರು ಸಲ ಫೋನ್ ಕೈಗೆತ್ತಿಕೊಂಡಳು, ಮೂರು ಸಲವೂ ಕೆಳಗಿಟ್ಟಳು. ಗಂಟೆ ಕಳೆದು ಹಿಂತಿರುಗಿದಾಗ ಹೌಸಿಂಗಿನ ಎಡಗಡೆ, ಅವಳು ಹೇಳಿದ ಜಾಗದಲ್ಲೇ, ಕಬ್ಬಿಣ ಕಾಯಿಸಿದ್ದರ ಅಂಗೈಯಗಲದ ನೀಲಿ ಕಲೆ ಇತ್ತು. ಸರಳು ಕೊಳವೆಯ ಆಚೆ ತುದಿಯಿಂದ ತಲೆ ಹೊರಹಾಕಿತ್ತು.

"ನೋಡಿದ್ಯಾ? ನಾನು ಮೊದಲೇ ಹೇಳಿರ್ಲಿಲ್ವಾ?" ಎಂದ ಅಣ್ಣ.

"ಹೇಳಿದ್ದೆ ಮಾರಾಯ, ನೀನೇ ಹೇಳಿದ್ದೆ," ಎಂದು ಅವಳು ನಗುತ್ತ ಚಕ್ರ ತರಲು ಹೊರಟಳು. ಬಾಗಿಲ ಬಳಿ ತಿರುಗಿ ನೋಡಿದಳು. ಕೆಲಸದವರಿಗಾಗಿ ಅಳತೆಗಳನ್ನು ಬರೆದಿಡುವ ತಗಡಿನ ಗೋಡೆಗೆ ಮುಖಮಾಡಿ ನಿಂತು ಅವನು ಸೀಮೆಸುಣ್ಣದಲ್ಲಿ ಒಂದೊಂದೇ ಅಕ್ಷರ ತಿದ್ದುತ್ತಿದ್ದ: "ಸ್ಪ್ರಿಂಗ್ ಜಾಗದಿಂದ ನಾಲ್ಕು ಬೆರಳು ಒಳಗೆ ಕಾಯಿಸುವುದು." ಆಮೇಲೆ ಕೆಳಗೆ ಇನ್ನೆರಡು ಪದ ಸೇರಿಸಿದ: "ತಂಗಿ ಹೇಳಿದ್ದು."