ಹೋಗುವಾಗ ಬಲಕ್ಕೆ ಗುಡ್ಡ

ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ನೌಕರಿ ಮುಗಿಸಿ ಗಂಗಾವತಿಯ ಹೊರಗೆ ಮನೆ ಕಟ್ಟಿಕೊಂಡೆ. ಮನೆಯ ಮೂಡಲಿಗೆ ರಸ್ತೆ, ರಸ್ತೆಯಾಚೆ ಅರಣ್ಯ ಇಲಾಖೆಯ ತಂತಿ ಬೇಲಿ, ಬೇಲಿಯಾಚೆ ಗುಡ್ಡ. ಕರಡಿ, ಚಿರತೆಗಳಿಗಾಗಿ ಕಾಯ್ದಿಟ್ಟ ಕಾಡು, ಒಳಗೆ ಹೋಗುವಂತಿಲ್ಲ. ಹೋಗುವ ಆಸೆಯೂ ನನಗಿರಲಿಲ್ಲ. ಎದ್ದು ಅಂಗಳ ಗುಡಿಸಿ, ನೀರು ತುಂಬಿ, ಬಿಸಿಲು ಗುಡ್ಡ ದಾಟುವುದರೊಳಗೆ ಸ್ನಾನ ಮುಗಿಸುವುದು ನನ್ನ ಪದ್ಧತಿ. ಗುಡ್ಡದ ಉಪಯೋಗ ಅಷ್ಟೇ ಎಂದುಕೊಂಡಿದ್ದೆ.

ಹೋದ ವರ್ಷ ಅಕ್ಕ ಬಂದಳು. ಅವಳದು ಕುಷ್ಟಗಿ ಕಡೆಯ ಹಳ್ಳಿ. ಕಣ್ಣಿನ ನರ ಒಣಗಿದೆ, ಆಪರೇಶನ್ನಿನಿಂದ ಫಲವಿಲ್ಲ ಎಂದು ವೈದ್ಯರು ಹೇಳಿದ್ದರು. ಅವಳಿಗೆ ಮುಖಗಳು ಕಾಣುವುದಿಲ್ಲ. ಬೆಳಕಿಗೆ ಅಡ್ಡ ನಿಂತ ದೊಡ್ಡ ವಸ್ತು ಮಾತ್ರ ಕಪ್ಪಗೆ ತೋರುತ್ತದೆ. ಊರಿನಲ್ಲಿ ಮನೆಯ ಮೂಡಲಿಗಿದ್ದ ಗುಡ್ಡವನ್ನೇ ಗುರುತು ಹಿಡಿದು ಓಣಿಯೆಲ್ಲ ತಿರುಗುತ್ತಿದ್ದಳು. ಆ ಗುಡ್ಡ ಗ್ರಾನೈಟ್ ಕ್ವಾರಿಗೆ ಹೋಯಿತು.

"ನಮ್ಮೂರಾಗ ಈಗ ಹೊತ್ತು ಲಗೂ ಹೊಂಡತೈತಿ, ತಮ್ಮಾ" ಎಂದು ಬಂದ ದಿನವೇ ಹೇಳಿದಳು. ಚೇಷ್ಟೆ ಎಂದುಕೊಂಡೆ. ನಿಜವೇ ಆಗಿತ್ತು. ಸೂರ್ಯನಿಗೆ ಅಡ್ಡ ಬರಲು ಗುಡ್ಡವಿಲ್ಲ, ಅದಿದ್ದ ಜಾಗದಲ್ಲಿ ಬೆಳಗಾಗುತ್ತಲೇ ಬರೀ ಬೆಳಕು. ಒಂದು ದಿನ ಬಾವಿಯ ಕಡೆ ಎಂದು ಹೊರಟವಳು ಲಾರಿ ಓಡಾಡುವ ರಸ್ತೆಯ ನಡುವೆ ನಿಂತಿದ್ದಳಂತೆ. ಅಂದಿನಿಂದ ಮಗ ಅವಳನ್ನು ಒಬ್ಬಳೇ ಹೊಸ್ತಿಲು ದಾಟಲು ಬಿಡಲಿಲ್ಲ.

"ಎಲ್ಲಿಗಿ ಹೋಗಾಕೂ ಮಂದಿ ಕೈ ಹಿಡೀಬೇಕು. ಹಂಗ ಬದುಕಿ ಏನ ಮಾಡೂದೈತಿ?"

ನಾನು ಕಟ್ಟೆಯಿಂದ ಗೇಟಿನವರೆಗೆ ನೈಲಾನ್ ಹಗ್ಗ ಕಟ್ಟಿದೆ. ದಿನಾಲೂ ಇದನ್ನು ಹಿಡಿದು ನಡೆಯಬೇಕು ಎಂದೆ. ಅಕ್ಕ ಹಗ್ಗ ಮುಟ್ಟಿ ನೋಡಿದಳು. "ಎಮ್ಮಿ ಕಟ್ಟಾಕ ಛಲೋ ಐತಿ."

ಗೇಟಿನ ಹತ್ತಿರ ಹೋಗಿ ನಿಂತು ಮೂಡಲಿಗೆ ಮುಖ ಮಾಡಿದಳು. "ಅಲ್ಲೇನೋ ಕರ್ರಗ ನಿಂತೈತಿ."

"ಗುಡ್ಡ."

"ಇದನ್ನ ಯಾವಾಗ ಒಡೀತಾರ?"

ಒಡೆಯುವುದಿಲ್ಲ ಎಂದರೆ ನಂಬಲಿಲ್ಲ. ಬೇಲಿ ನೋಡಿಕೊಂಡು ಬರುತ್ತಿದ್ದ ಕಾಡಿನ ಕಾವಲುಗಾರನನ್ನು ನಿಲ್ಲಿಸಿದಳು.

"ಯಪ್ಪಾ, ಈ ಗುಡ್ಡ ಯಾರದು?"

"ಸರ್ಕಾರದ್ದಬೇ."

"ಸರ್ಕಾರದ್ದಂದ್ರ ನಾಳೆ ಮಾರತೈತಿ."

"ಇದನ್ನ ಮಾರಾಕ ಬರೂದಿಲ್ಲಬೇ. ಕಲ್ಲು ಒಡ್ಯಾಕೂ ಬಿಡೂದಿಲ್ಲ. ಕರಡಿ ಅದಾವ."

"ಹಂಗಾರ ಕರಡೀದು ಅನ್ನು. ಸರ್ಕಾರದ್ದು ಅಂತ ಯಾಕ ಹೆದರಸ್ತಿ?"

ಮರುದಿನ ನಾನು ಸ್ನಾನ ಮುಗಿಸಿ ಬಂದರೆ ಕಟ್ಟೆ ಖಾಲಿ, ಗೇಟು ತೆರೆದಿತ್ತು. ರಸ್ತೆಗೆ ಓಡಿದೆ. ಅಕ್ಕ ಓಣಿಯ ಕೊನೆಯ ಕಿರಾಣಿ ಅಂಗಡಿಯಿಂದ ಬೆಲ್ಲ ತೆಗೆದುಕೊಂಡು, ರಸ್ತೆಯಂಚಿನಲ್ಲಿ ನಿಧಾನವಾಗಿ ಬರುತ್ತಿದ್ದಳು. ಹೇಳದೆ ಹೋಗಬಾರದು ಎಂದು ಗದರಿದೆ.

"ನಿನ್ನ ಜಳಕ ಮುಗಿಯೂತನ ಕುಂದರಬೇಕೇನು? ಹೋಗೂವಾಗ ಬಲಕ್ಕ ಗುಡ್ಡ, ಬರೂವಾಗ ಎಡಕ್ಕ. ಇದರಾಗೇನೈತಿ?"

ಈಗ ಬಿಸಿಲು ಏರುವ ಮೊದಲು ದಿನಾಲೂ ಒಬ್ಬಳೇ ಹೋಗಿಬರುತ್ತಾಳೆ. ಮಗ ಕರೆಯಲು ಬಂದಿದ್ದ, ಹೋಗಲಿಲ್ಲ.

ಆ ಕಾಡಿನೊಳಗೆ ನಾನು ಕಾಲಿಟ್ಟಿಲ್ಲ, ಕರಡಿಯನ್ನೂ ಕಂಡಿಲ್ಲ. ಅದಕ್ಕೆ ಮೊಟ್ಟಮೊದಲು ಗಡಿ ಹಾಕಿ ಕಾಯ್ದಿಟ್ಟವರು ಯಾರೋ ಗೊತ್ತಿಲ್ಲ. ಅವರ ಮನಸ್ಸಿನಲ್ಲಿ ನನ್ನ ಅಕ್ಕನಂಥವಳು ಇದ್ದಿರಲಾರಳು. ಆದರೂ ಬೆಳಿಗ್ಗೆ ಗೇಟು ಸದ್ದಾದಾಗ ಅವರನ್ನು ನೆನೆಯುತ್ತೇನೆ.

ಹಗ್ಗದ ಮೇಲೆ ಬಟ್ಟೆ ಒಣಗಿಸುತ್ತೇನೆ. ಜಮಖಾನೆ ಮಾತ್ರ ಹಾಕುವಂತಿಲ್ಲ. ಗುಡ್ಡ ಮರೆಯಾಗುತ್ತದೆ ಎಂದು ಅಕ್ಕನ ತಕರಾರು.